ಬರ್ಲಿನ್ ಬಾಣಂತನ

ಹುಬ್ಬಳ್ಳಿ-ಧಾರವಾಡದ ವಿದ್ಯಾನಗರ, ಕೇಶ್ವಾಪುರ, ಮಾಳಮಡ್ಡಿಯ ಅವ್ವಂದಿರು ಮೊದಲು ಪರದೇಶಕ್ಕೆ ಹೋಗುತ್ತಿದ್ದುದು ಬಾಣಂತನಕ್ಕೆ. ಸೂಟ್‌ಕೇಸಿನಲ್ಲಿ ಅಂಟಿನ ಉಂಡಿ, ಬಜೆ, ಹಳೆ ಸೀರೆ ಹೊಲಿದ ಕೌದಿ. ಈಗಲೂ ಅದೇ ಸೂಟ್‌ಕೇಸು, ಅದೇ ಕೌದಿ. ಕೂಸಿಗೆ ಮಾತ್ರ ನಾಲ್ಕು ಕಾಲು, ಒಂದು ಬಾಲ, ಕೊರಳಲ್ಲಿ ತೆರಿಗೆ ಕಟ್ಟಿದ ಬಿಲ್ಲೆ.

ಮಗಳಿಗೆ ಬರ್ಲಿನ್ನಿನಲ್ಲಿ ಸಾಫ್ಟ್‌ವೇರ್ ಕೆಲಸ. ಅಳಿಯನಿಗೆ ಸಾಫ್ಟ್‌ವೇರ್ ಹೊಟ್ಟೆಪಾಡು, ಮ್ಯಾರಥಾನ್ ಕಸುಬು. ಸೆಪ್ಟೆಂಬರಿನ ಓಟಕ್ಕೆ 16 ವಾರದ ತಾಲೀಮು. ಒಬ್ಬನೇ ಓಡಲು ಬೇಸರ ಅಂತ ಲ್ಯಾಬ್ರಡಾರ್ ಮರಿ ತಂದರು. ತಂದ ಮೇಲೆ ಡಾಕ್ಟರನ್ನು ಕೇಳಿದರು. ದೊಡ್ಡ ಜಾತಿಯ ನಾಯಿಗೆ ಎಲುಬಿನ ತುದಿಯ ಮೆತ್ತನೆ ಭಾಗ ಗಟ್ಟಿಯಾಗಲು 12ರಿಂದ 18 ತಿಂಗಳು ಬೇಕು, ಅಲ್ಲಿಯವರೆಗೆ ಡಾಂಬರಿನ ಮೇಲೆ ಉದ್ದನೆಯ ಓಟ ಬೇಡವೇ ಬೇಡ. ರೂಢಿಯ ಲೆಕ್ಕದಲ್ಲಿ ವಯಸ್ಸಿನ ಒಂದೊಂದು ತಿಂಗಳಿಗೆ ಐದೈದು ನಿಮಿಷದ ನಡಿಗೆ. ಹೀಗಾಗಿ 42.195 ಕಿಲೋಮೀಟರ್ ಓಡುವವನ ಜೊತೆಗಾರ ಹತ್ತನೇ ನಿಮಿಷಕ್ಕೆ ರಸ್ತೆ ಮಧ್ಯೆ ಕುಂತುಬಿಡುತ್ತಾನೆ. ಅವತ್ತೇ ಸಂಜೆ ಹುಬ್ಬಳ್ಳಿಗೆ ಫೋನು: "ಅವ್ವಾ, ಮೂರು ತಿಂಗಳು ಬಂದು ಹೋಗಬಾರದೇನ? ನಿನಗೂ ಬದಲಾವಣಿ ಆಗ್ತದ."

ಬದಲಾವಣೆ ಬೆಂಗಳೂರಿನಿಂದಲೇ ಶುರು. ಬೆರಳಚ್ಚು, ಫೋಟೋ, 90 ಯೂರೋ ವೀಸಾ ಶುಲ್ಕ, ಕನಿಷ್ಠ 30,000 ಯೂರೋದ ಆರೋಗ್ಯ ವಿಮೆ. ಅತ್ತ ಮರಿಗೆ ವರ್ಷಕ್ಕೆ 120 ಯೂರೋ ನಾಯಿ ತೆರಿಗೆ, ಯಾರಿಗಾದರೂ ಕಚ್ಚಿದರೆ ಕೆಡವಿದರೆ ಅಂತ ಕನಿಷ್ಠ 10 ಲಕ್ಷ ಯೂರೋದ ಹೊಣೆಗಾರಿಕೆ ವಿಮೆ. ಎರಡು ವಿಮೆಗಳ ಜಾತಿ ಬೇರೆ, ಹೋಲಿಸಬಾರದು, ಒಪ್ಪಿದೆ. ಆದರೂ ಅವ್ವ ಹೋಲಿಸುತ್ತಾಳೆ.

ಇನ್ನು ಪಂಚಾಂಗ. ಈ ವೀಸಾದಲ್ಲಿ ಯಾವುದೇ 180 ದಿನಗಳೊಳಗೆ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. 16 ವಾರ ಎಂದರೆ 112 ದಿನ. ಉಳಿದ 22 ದಿನ ಯಾರ ಪಾಲು? ಬೀಗರ ಪಾಲು. ಮದುವೆಯಲ್ಲಿ ವಾಚು, ಉಂಗುರ, ಆಹೇರಿಗೆಲ್ಲ ಜಗ್ಗಾಡಿದ ಎರಡು ಮನೆತನಗಳು ಈಗ ಕೂತು ಪಾಳಿ ಹಚ್ಚಿಕೊಳ್ಳುತ್ತವೆ. "ಮೊದಲ 22 ನೀವ ನೋಡ್ರಿ, ಹಲ್ಲು ಬರೂ ಹೊತ್ತಿಗೆ ನಾವು ಬರ್ತೀವಿ." ಹಲ್ಲು ಆಗಲೇ ಬಂದಿರುತ್ತವೆ, 28, ಸೂಜಿಯಂಥವು. ಬೀಳುವುದು ನಾಲ್ಕರಿಂದ ಆರು ತಿಂಗಳೊಳಗೆ. ಅಷ್ಟರಲ್ಲಿ ಇಳಕಲ್ ಸೀರೆಯ ಅಂಚು ಬಿದ್ದಿರುತ್ತದೆ. ಅದು ಸೆರಗು ಹಿಡಿದಾಗ "ಹಚಾ" ಅಂತ ಕಿರುಚಿ ಎಳೆದರೆ ಮರಿಗೆ ಜಗ್ಗಾಟದ ಆಟ, ಮತ್ತಷ್ಟು ಬಿಗಿಯಾಗಿ ಹಿಡಿಯುತ್ತದೆ. ಕಂಬದ ಹಾಗೆ ನಿಂತು ಅದರ ಬಾಯಿಗೊಂದು ಆಟಿಗೆ ಕೊಡಬೇಕು. ಹೊಸ್ತಿಲ ಹತ್ತಿರ ಬಂದ ನಾಯಿಗೆ ನಲವತ್ತು ವರ್ಷ ಕಸಬರಗಿ ತೋರಿಸಿದ ಕೈ ಇದನ್ನು ಕಲಿಯಲು ವಾರ ಹಿಡಿಯುತ್ತದೆ.

ಮುಖ್ಯ ಕೆಲಸ ರಾತ್ರಿಯದು. ಮರಿ ಎಷ್ಟು ತಿಂಗಳಿನದೋ ಅಷ್ಟು ತಾಸು, ಮೇಲೊಂದು ತಾಸು. ಅದಕ್ಕಿಂತ ಹೆಚ್ಚು ಅದು ಉಚ್ಚೆ ತಡೆಯಲಾರದು. ಎರಡು ತಿಂಗಳ ಮರಿಗೆ ಮೂರು ತಾಸು. ರಾತ್ರಿ ಎರಡಕ್ಕೆ ಕುಂಯ್ ಅಂದರೆ ಎತ್ತಿಕೊಳ್ಳಬೇಕು, ನಡೆಸಿದರೆ ಮೆಟ್ಟಿಲ ಮೇಲೆಯೇ ಮುಗಿಸಿಬಿಡುತ್ತದೆ. ಬರ್ಲಿನ್ನಿನ ಎಷ್ಟೋ ಹಳೆ ಕಟ್ಟಡಗಳಿಗೆ ಲಿಫ್ಟ್ ಇಲ್ಲ. ಬಂದಾಗ ಆರು ಕಿಲೋ ಇದ್ದ ಮರಿ ನಾಲ್ಕು ತಿಂಗಳಿಗೆ ಹದಿನೈದರ ಹತ್ತಿರ ಬರುತ್ತದೆ. ಮೂರು ಅಂತಸ್ತು, ಮೊಣಕಾಲ ನೋವು, ಸ್ವೆಟರಿನ ಮೇಲೆ ಶಾಲು. ಕೆಳಗೆ ಹುಲ್ಲಿನ ಮೇಲೆ ಬಿಟ್ಟು ಸುಮ್ಮನೆ ನಿಲ್ಲಬೇಕು, ಮಾತಾಡಿಸಿದರೆ ಬಂದ ಕೆಲಸ ಮರೆಯುತ್ತದೆ. ಮುಗಿಸಿದ ಎರಡೇ ಸೆಕೆಂಡಿನೊಳಗೆ ತಿನಿಸು ಬಾಯಿಗೆ ಬೀಳಬೇಕು. ಮನೆಗೆ ಬಂದು ಕೊಟ್ಟರೆ ಮೆಟ್ಟಿಲು ಹತ್ತಿದ್ದಕ್ಕೆ ಬಹುಮಾನ ಅಂದುಕೊಳ್ಳುತ್ತದೆ. ಆಮೇಲೆ ಚೀಲ. ಚೀಲವನ್ನು ಕೈಗವಸಿನಂತೆ ಹಾಕಿಕೊಂಡು, ಬೆಚ್ಚಗಿದ್ದುದನ್ನು ಹಿಡಿದು, ಒಳಹೊರಗು ಮಗುಚಿ, ಗಂಟು. ಸೋಮವಾರ ಒಪ್ಪತ್ತು ಮಾಡುವ ಕೈ ಅದು. ಮೇಲೆ ಅಳಿಯ ನಿದ್ದೆಯಲ್ಲಿ. ತಾಲೀಮಿನವನಿಗೆ ಎಂಟು ತಾಸು ತಪ್ಪುವಂತಿಲ್ಲ, ಕೈಗಡಿಯಾರ ಬೈಯುತ್ತದಂತೆ. ಮರಿಯ ನಿದ್ದೆ ದಿನಕ್ಕೆ 18ರಿಂದ 20 ತಾಸು. ಅವ್ವನದು ನಾಲ್ಕು.

ಒಳಗೆ ಹೊಯ್ದರೆ ಫಿನಾಯಿಲ್ ಹಾಕಿ ಒರೆಸುವುದು ನಮ್ಮ ಪದ್ಧತಿ. ಅದರಿಂದ ನಮ್ಮ ಮೂಗಿಗೆ ಸಮಾಧಾನ, ಮರಿಯ ಮೂಗಿಗೆ ಅಲ್ಲ. ಅಡಿಯ ವಾಸನೆ ಉಳಿದರೆ ಮತ್ತೆ ಅದೇ ಮೂಲೆಗೆ ಹೋಗುತ್ತದೆ. ಎಂಜೈಮ್ ಇರುವ ದ್ರಾವಣ ಸುರಿದು, ನೆನೆಯಲು ಬಿಟ್ಟು, ಆಮೇಲೆ ಒತ್ತಿ ತೆಗೆಯಬೇಕು.

ಅಪಾಯವೆಲ್ಲ ಇರುವುದು ಎರಡು ಕಡೆ: ಅವ್ವನ ಸೂಟ್‌ಕೇಸಿನಲ್ಲಿ, ಅಳಿಯನ ಕಾಲಿನಲ್ಲಿ. ಅಂಟಿನ ಉಂಡಿಯ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತದೆ. ಉಳ್ಳಾಗಡ್ಡಿ, ಶೇಂಗಾ ಚಟ್ನಿಯ ಬಳ್ಳೊಳ್ಳಿ ರಕ್ತದ ಕೆಂಪುಕಣ ಒಡೆಯುತ್ತವೆ. ಅತ್ತ 30 ಕಿಲೋಮೀಟರ್ ಮುಗಿಸಿ ಬಂದ ಅಳಿಯ ಸೋಫಾದ ಮೇಲೆ ಕಾಲು ಚಾಚಿ ಮೀನಖಂಡಕ್ಕೆ ನೋವಿನ ಜೆಲ್ ತಿಕ್ಕಿಕೊಳ್ಳುತ್ತಾನೆ. ಬೆವರಿನ ಉಪ್ಪಿಗೆ ಮರಿ ಬಂದು ನೆಕ್ಕುತ್ತದೆ. "ಎಷ್ಟು ಪ್ರೀತಿ ನೋಡ್ರಿ" ಅಂತ ಮಗಳು ವಿಡಿಯೋ ಮಾಡುತ್ತಾಳೆ. ಆ ಜೆಲ್ಲಿನ ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲದು. ಐಬುಪ್ರೊಫೆನ್ ಗುಳಿಗೆಯೂ ಅಷ್ಟೇ. ಸಕ್ಕರೆ ಬದಲು ಝೈಲಿಟಾಲ್ ಹಾಕಿದ ಚೂಯಿಂಗ್ ಗಮ್ ಇನ್ನೂ ಕೆಟ್ಟದ್ದು, ಅರ್ಧ ತಾಸಿನಲ್ಲೇ ರಕ್ತದ ಸಕ್ಕರೆ ಇಳಿಸೀತು. ಬೆವರಿನ ಕಾಲುಚೀಲವನ್ನು ಮರಿ ಅಗಿಯುವುದಿಲ್ಲ, ನುಂಗುತ್ತದೆ. ಅದು ಕರುಳಲ್ಲಿ ಸಿಕ್ಕಿಕೊಂಡರೆ ಆಪರೇಷನ್ನೇ ದಾರಿ. ಈ ಮನೆಯಲ್ಲಿ ಕಾಲುಚೀಲ ಎಣಿಸಿ ಒಗೆಯುವುದು ಅವ್ವನ ಕೆಲಸ.

ಓಡುವ ನಾಯಿಯೇ ಬೇಕಿದ್ದರೆ ನಮ್ಮ ಕಡೆಯ ಬಾಗಲಕೋಟೆ ಜಿಲ್ಲೆಯ ಮುಧೋಳದ್ದೇ ಇತ್ತಲ್ಲ, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ನಾಯಿ, ಎಂದು ಅಪ್ಪ ಗೊಣಗುತ್ತಾರೆ. ಒಯ್ಯಲಿ ನೋಡೋಣ. ಮೈಕ್ರೋಚಿಪ್ ಹಾಕಿಸಿ, 12 ವಾರ ತುಂಬಿದ ಮೇಲೆ ರೇಬಿಸ್ ಲಸಿಕೆ, 30 ದಿನ ಕಳೆದು ರಕ್ತಪರೀಕ್ಷೆ, ಅಲ್ಲಿಂದ ಮೂರು ತಿಂಗಳ ಕಾಯುವಿಕೆ. ಏಳು ತಿಂಗಳಾಗುವವರೆಗೆ ಅದು ಹುಬ್ಬಳ್ಳಿಯಲ್ಲೇ. ಸಾಕುವವರು ಯಾರು? ಮತ್ತೆ ಅವ್ವನೇ. ವಿಮಾನದ ಖರ್ಚಾದರೂ ಉಳಿಯುತ್ತಿತ್ತು.

ಜರ್ಮನಿಯ ಕಾನೂನಿನ ಪ್ರಕಾರ ಸಾಕಿದವರು ದಿನಕ್ಕೆ ಹಲವು ಸಲ, ಸಾಕಷ್ಟು ಹೊತ್ತು ನಾಯಿಯ ಒಡನಾಟದಲ್ಲಿ ಇರಲೇಬೇಕು. ಅಪ್ಪ ಇದನ್ನು ಎರಡು ಸಲ ಓದಿಸಿಕೊಂಡರು. ಮಗಳ ಫೋನು ಬರುವುದು ರವಿವಾರಕ್ಕೊಮ್ಮೆ.

ಇತ್ತ ಗಣಪತಿ ಹಬ್ಬ ಬಂತು. ಮನೆಗೆ ಬೀಗ. ಓಣಿಯಲ್ಲಿ ವಿಚಾರಣೆ.

"ಅಕ್ಕಾರು ಎಲ್ಲಿಗ್ರೀ?"

"ಬರ್ಲಿನ್ನಿಗೆ ಹೋಗ್ಯಾರ. ಬಾಣಂತನ."

"ಶುಭ ಆತು ಬಿಡ್ರಿ! ಏನ ಕೂಸು?"

"ಗಂಡು."

"ತೂಕ?"

"ಆರು ಕಿಲೋ ಇತ್ತಂತ."

"ಅಯ್ಯ ಶಿವನ! ಒಂದ ಏನ್ರೀ?"

"ಹುಟ್ಟಿದಾಗ ಏಳು ಇದ್ದವಂತ. ಇವರು ಒಂದ ತಗೊಂಡಾರ."