ಅಳತೆ ನೋಡಿ ತಿವಿಯತಕ್ಕದ್ದು

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವಿನ್ನೆಬೇಗೊ ಸರೋವರದಲ್ಲಿ ಮಂಜುಗಡ್ಡೆಗೆ ಕಂಡಿ ಕೊರೆದು ಸ್ಟರ್ಜನ್ ಮೀನನ್ನು ಭರ್ಜಿಯಿಂದ ತಿವಿಯುವ ಹಂಗಾಮು ಫೆಬ್ರವರಿಯ ಎರಡನೆಯ ಶನಿವಾರ ಆರಂಭವಾಗುತ್ತದೆ. ಲೈಸೆನ್ಸ್ ಕೊಳ್ಳಲು ಕೊನೆಯ ದಿನ ಮಾತ್ರ ಹಿಂದಿನ ಅಕ್ಟೋಬರ್ 31. ಆಗ ಸರೋವರದ ಮೇಲೆ ಇನ್ನೂ ದೋಣಿಗಳು ಓಡಾಡುತ್ತಿರುತ್ತವೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದು ನಮ್ಮಲ್ಲಿ ಬರೀ ಗಾದೆ. ಅಲ್ಲಿ ಅದು ಸರ್ಕಾರಿ ನಿಯಮ. ಕುಲಾವಿಯ ಬೆಲೆ ರಾಜ್ಯದವರಿಗೆ 20 ಡಾಲರ್, ಹೊರಗಿನವರಿಗೆ 65. ತಿವಿದವನ ವಿಳಾಸ ಕೇಳುವ ಅಭ್ಯಾಸ ಮೀನಿಗಿಲ್ಲ, ಇಲಾಖೆಗಿದೆ. 2024ರಲ್ಲಿ ಚಳಿಗಾಲವೇ ಕೈಕೊಟ್ಟು ಮಂಜುಗಡ್ಡೆ ಸರಿಯಾಗಿ ಕಟ್ಟಲಿಲ್ಲ. ಹಂಗಾಮು ಮಾತ್ರ ನಿಗದಿಯಾದ ದಿನವೇ ಆರಂಭವಾಯಿತು. ಲೈಸೆನ್ಸ್ ಕೊಟ್ಟದ್ದು ಇಲಾಖೆ, ಮಂಜುಗಡ್ಡೆ ಕೊಡಬೇಕಾದದ್ದು ದೇವರು. ಎರಡೂ ಬೇರೆ ಬೇರೆ ಕಚೇರಿ.

ಹಣ ಕಟ್ಟಿದವನು ಮಂಜುಗಡ್ಡೆಯ ಮೇಲೆ ಶೆಡ್ ನಿಲ್ಲಿಸಿ, 48 ಚದರ ಅಡಿ ಮೀರದಂತೆ ಕಂಡಿ ಕೊರೆದು, ಬಾಗಿಲು ಮುಚ್ಚಿ ಕತ್ತಲಲ್ಲಿ ಕೂರುತ್ತಾನೆ. ಬೆಳಗ್ಗೆ 7ರಿಂದ ಮಧ್ಯಾಹ್ನ 1ರವರೆಗೆ ನೀರನ್ನು ನೋಡುತ್ತಾನೆ. ಹೆಚ್ಚಿನವರಿಗೆ ಇಡೀ ಹಂಗಾಮಿನಲ್ಲಿ ಕಾಣುವುದು ನೀರೇ. ಅಕಸ್ಮಾತ್ ಮೀನು ಬಂದಿತೆನ್ನಿ. ಅದು 36 ಇಂಚಿಗಿಂತ ಚಿಕ್ಕದಿದ್ದರೆ ತಿವಿಯುವಂತಿಲ್ಲ. ಸರಿ, ಇದನ್ನು ಹೇಗೋ ಅಂದಾಜು ಮಾಡಬಹುದು. ಆದರೆ ಹಂಗಾಮು ಯಾವಾಗ ಮುಗಿಯಬೇಕೆಂಬ ಲೆಕ್ಕ ನಿಂತಿರುವುದು ಮೂರು ಪ್ರತ್ಯೇಕ ಮಿತಿಗಳ ಮೇಲೆ: ಪ್ರಾಯಕ್ಕೆ ಬಾರದ ಹೆಣ್ಣು, ಪ್ರಾಯಕ್ಕೆ ಬಂದ ಹೆಣ್ಣು, ಗಂಡು. ಕೆಳಗೆ ಹಾದುಹೋಗುತ್ತಿರುವುದು ಕುಮಾರಿಯೋ, ಶ್ರೀಮತಿಯೋ, ಶ್ರೀಯುತನೋ ಎಂದು ಮೇಲೆ ಕೂತವನಿಗೆ ತಿಳಿಯುವ ದಾರಿಯಿಲ್ಲ. ತಿವಿದು, ಎಳೆದು, ಟ್ಯಾಗ್ ಕಟ್ಟಿ, ಅಂದೇ ಮಧ್ಯಾಹ್ನ 2 ಗಂಟೆ ಹೊಡೆಯುವ ಮೊದಲು ನೋಂದಣಿ ಕೇಂದ್ರಕ್ಕೆ ಹೊತ್ತೊಯ್ದರೆ ಅಲ್ಲಿನ ಸಿಬ್ಬಂದಿ ಪರೀಕ್ಷಿಸಿ ಹೇಳುತ್ತಾರೆ. ಸತ್ತ ಮೇಲೆ ಜಾತಕ ನೋಡುವ ಈ ಪದ್ಧತಿಯಲ್ಲಿ ಮೂರರಲ್ಲಿ ಯಾವುದೊಂದು ಮಿತಿ ತುಂಬಿದರೂ ಎಲ್ಲರ ಬೇಟೆಯೂ ಬಂದ್.

ಪಕ್ಕದ ಮಿನ್ನೆಸೋಟ ರಾಜ್ಯದ ಬುದ್ಧಿವಂತಿಕೆ ಇನ್ನೊಂದು ಬಗೆಯದು. ಅಲ್ಲಿ ನಾರ್ದರ್ನ್ ಪೈಕ್ ಎಂಬ ಮೀನನ್ನು ತಿವಿಯುವ ಲೈಸೆನ್ಸಿಗೆ ರಾಜ್ಯದವರಿಗೆ ಬರೀ 6 ಡಾಲರ್. ಅಗ್ಗ ಎಂದು ಹಿಗ್ಗಬೇಡಿ. ಅದಕ್ಕೆ ಮೊದಲು ಗಾಳದ ಲೈಸೆನ್ಸ್ ಇರಬೇಕು, ಗಾಳವನ್ನು ನೀವು ಕನಸಿನಲ್ಲಿಯೂ ಮುಟ್ಟದವರಾದರೂ. ಶೆಡ್ಡನ್ನು ರಾತ್ರಿ ಅಲ್ಲೇ ಬಿಟ್ಟು ಮನೆಗೆ ಹೋಗುವುದಾದರೆ ಶೆಡ್ಡಿಗೂ ಒಂದು ಲೈಸೆನ್ಸ್.

ಅಸಲು ಸೊಗಸಿರುವುದು ರಾಜ್ಯದ ಉತ್ತರ-ಮಧ್ಯ ವಲಯಕ್ಕೆ 2018ರಲ್ಲಿ ಬಂದ ನಿಯಮದಲ್ಲಿ. ಭರ್ಜಿಯವನು ಹತ್ತು ಪೈಕ್ ಹಿಡಿಯಬಹುದು; ಅವುಗಳಲ್ಲಿ 22ರಿಂದ 26 ಇಂಚಿನೊಳಗಿನದು ಒಂದೇ ಇರಬಹುದು, 26 ಮೀರಿದ್ದು ಒಂದೇ ಇರಬಹುದು; ಇಲ್ಲವೇ 26 ಮೀರಿದ್ದು ಎರಡು ಇರಬಹುದು, ಆಗ ನಡುವಿನದು ಇರಕೂಡದು. ಗಾಳದವನಾದರೆ ಮೀನನ್ನು ಮೇಲೆತ್ತಿ, ಪಟ್ಟಿ ಹಿಡಿದು, ಅಳತೆ ತಪ್ಪಿದ್ದರೆ ಕ್ಷಮೆ ಕೇಳಿ ನೀರಿಗೆ ಬಿಡುತ್ತಾನೆ. ಭರ್ಜಿಯವನು ಬೆನ್ನಿಗೆ ಮೊನೆಗಳು ನೆಟ್ಟ ಮೀನನ್ನು ಬಿಟ್ಟು ಯಾರನ್ನು ಉದ್ಧಾರ ಮಾಡಬೇಕು? ಆದ್ದರಿಂದ ಅವನು ಮೊದಲು ಅಳೆಯತಕ್ಕದ್ದು, ಆಮೇಲೆ ತಿವಿಯತಕ್ಕದ್ದು. ನೀರು ತನ್ನೊಳಗಿನ ವಸ್ತುವನ್ನು ಇದ್ದುದಕ್ಕಿಂತ ಹತ್ತಿರದಲ್ಲಿ, ದೊಡ್ಡದಾಗಿ ತೋರಿಸುತ್ತದೆ ಎಂದು ಹೈಸ್ಕೂಲಿನ ವಿಜ್ಞಾನ ಹೇಳುತ್ತದೆ. ಈಜುತ್ತಿರುವ ಪೈಕ್ ಇಂಚುಪಟ್ಟಿಯ ಪಕ್ಕದಲ್ಲಿ ನೆಟ್ಟಗೆ ಮಲಗಿ ಸಹಕರಿಸುವುದೂ ಕಡಿಮೆ. ಇಪ್ಪತ್ತೈದು ಮುಕ್ಕಾಲೋ ಇಪ್ಪತ್ತಾರು ಕಾಲೋ ಎಂದು ಲೆಕ್ಕ ಹಾಕಿ ಮುಗಿಸುವಷ್ಟರಲ್ಲಿ ಅದು ವಲಯದ ಗಡಿಯನ್ನೇ ದಾಟಿರುತ್ತದೆ.

ಇಲಾಖೆಗಳನ್ನು ಮನಸಾರೆ ಬೈಯೋಣವೆಂದರೆ ಒಂದು ತೊಡಕಿದೆ: ಸ್ಟರ್ಜನ್ ಉಳಿದಿದೆ. ಹೆಣ್ಣು ಮೊದಲ ಸಲ ಮೊಟ್ಟೆಯಿಡಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಬೇಕು. ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದು ಮುಗಿಸುತ್ತಿದ್ದ ಕಾಲ ಕಂಡು ವಿಸ್ಕಾನ್ಸಿನ್ 1915ರಲ್ಲಿ ಬೇಟೆಯನ್ನೇ ನಿಲ್ಲಿಸಿತ್ತು. 1932ರಲ್ಲಿ ಭರ್ಜಿಗೆ ಮತ್ತೆ ಅವಕಾಶ ಕೊಟ್ಟಿತು. ಈ ತರಲೆ ಕಾಗದಗಳೇ ಮೀನನ್ನು ಕಾದವು ಎಂದು ಒಪ್ಪುವುದು ನನಗೆ ಕಷ್ಟ, ಒಪ್ಪದಿರುವುದು ಇನ್ನೂ ಕಷ್ಟ.

ಆದರೂ ಮಿಷಿಗನ್ನಿನ ಬ್ಲ್ಯಾಕ್ ಲೇಕ್ ವಿಷಯದಲ್ಲಿ ನಗು ತಡೆಯಲಾಗುವುದಿಲ್ಲ. ಅಲ್ಲಿ ವರ್ಷಕ್ಕೆ ಹಿಡಿಯಲು ಬಿಡುವುದು ಬೆರಳೆಣಿಕೆಯಷ್ಟೇ ಸ್ಟರ್ಜನ್; ಅಷ್ಟು ಸಿಕ್ಕೊಡನೆ ಹಂಗಾಮು ಬಂದ್. ನೂರಾರು ಜನ ಮುಂಗಡವಾಗಿ ಹೆಸರು ನೋಂದಾಯಿಸಿ, ಚಳಿಯಲ್ಲಿ ಶೆಡ್ ಎಳೆದುಕೊಂಡು ಬರುತ್ತಾರೆ. 2022ರಲ್ಲಿ ಸರ್ಕಾರ ಉದಾರವಾಗಿ ಐದು ದಿನಗಳ ಹಂಗಾಮು ಪ್ರಕಟಿಸಿತ್ತು. ಫೆಬ್ರವರಿ 5ರ ಬೆಳಗ್ಗೆ 8ಕ್ಕೆ ಆರಂಭವಾದ ಆ ಐದು ದಿನಗಳು ಅದೇ ಬೆಳಗ್ಗೆ 8 ಗಂಟೆ 36 ನಿಮಿಷಕ್ಕೆ ಮುಗಿದವು. ಫ್ಲಾಸ್ಕಿನಲ್ಲಿ ಉಳಿದಿದ್ದ ಕಾಫಿಗೆ ಲೈಸೆನ್ಸ್ ಬೇಕಾಗಿರಲಿಲ್ಲವಾದ್ದರಿಂದ ಅದನ್ನು ಮಾತ್ರ ಯಾರೂ ಅಳೆಯದೆ ಕುಡಿಯಬಹುದಿತ್ತು.