ಪರ-ವಿರೋಧ: ಎಕ್ಸ್‌ಟೆನ್ಶನ್ ಫಂಕ್ಷನ್‌ಗಳು ಡಿಎಫ್ ಪಟ್ಟಿಯಿಂದ ಮರೆಯಾಗಬೇಕೇ?

ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಕಮಾಂಡ್ ಕೊಡುವ ಪಿಎಸ್‌ಕ್ಯೂಎಲ್ ಪ್ರೋಗ್ರಾಂನಲ್ಲಿ ಬ್ಯಾಕ್‌ಸ್ಲ್ಯಾಶ್ ಹಾಕಿ ಡಿಎಫ್ ಅಂತ ಹೊಡೆದರೆ ಫಂಕ್ಷನ್‌ಗಳ ಪಟ್ಟಿ ಬರುತ್ತದೆ. ಎಕ್ಸ್‌ಟೆನ್ಶನ್‌ಗಳ (ಮೇಲಿಂದ ಸೇರಿಸುವ ಪ್ಯಾಕೇಜ್‌ಗಳ) ಜೊತೆ ಬಂದ ಫಂಕ್ಷನ್‌ಗಳೂ ನಾವು ಬರೆದವುಗಳ ನಡುವೆ ಸೇರಿಕೊಳ್ಳುತ್ತವೆ. ಅವನ್ನು ಅಲ್ಲಿಂದ ಮರೆ ಮಾಡಬೇಕೇ, ಬೇಡವೇ?

ಪರ: ನಾವು ಬರೆದದ್ದು ನಮ್ಮ ಕಣ್ಣಿಗೆ ಬೀಳಲಿ

ನಮ್ಮ ಡೇಟಾಬೇಸ್‌ನಲ್ಲಿ ನಾವೇ ಬರೆದ ಫಂಕ್ಷನ್‌ಗಳು 11. ನಕ್ಷೆ ಕೆಲಸದ ಎಕ್ಸ್‌ಟೆನ್ಶನ್ ಪೋಸ್ಟ್‌ಜಿಐಎಸ್ ತಂದವು ನೂರಾರು. ಎಲ್ಲವೂ ಪಬ್ಲಿಕ್ ಸ್ಕೀಮಾದಲ್ಲೇ, ಅಂದರೆ ಫೋಲ್ಡರ್‌ನಂಥ ಒಂದೇ ಜಾಗದಲ್ಲಿ, ಇವೆ. ಪಟ್ಟಿ ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಬರುತ್ತದೆ, ಎಸ್‌ಟಿ ಅಂತ ಶುರುವಾಗುವ ಹೆಸರುಗಳೇ ಪುಟಗಟ್ಟಲೆ. ಅವೆಲ್ಲ ಮುಗಿದ ಮೇಲೆ, ಕೊನೆಯಲ್ಲಿ, ವಾರ್ಡ್ ಬಾಕಿ ಲೆಕ್ಕ ಹಾಕುವ ನಮ್ಮ ಫಂಕ್ಷನ್.

ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಒಂದು ದಿನ ಕೇಳಿದಳು: "ಸರ್, ವಾರ್ಡ್ ಬಾಕಿಗೆ ಫಂಕ್ಷನ್ ಇದೆಯಾ?" ನಾನು ಏನೋ ಕೆಲಸದಲ್ಲಿದ್ದೆ. "ಡಿಎಫ್ ಹೊಡೆದು ನೋಡಮ್ಮ" ಅಂದೆ. ಅವಳು ಸ್ಪೇಸ್ ಒತ್ತುತ್ತಾ ಪುಟದ ಮೇಲೆ ಪುಟ ನೋಡಿದಳು. ಎಲ್ಲಾ ಎಸ್‌ಟಿಯೇ. ಇಲ್ಲ ಅಂದುಕೊಂಡು ತಾನೇ ಒಂದು ಬರೆದಳು. ಹಳೆಯದು ಎಲ್ಲವನ್ನೂ ಕೂಡಿ ಆಮೇಲೆ ರೌಂಡ್ ಮಾಡುತ್ತಿತ್ತು. ಅವಳದು ಪ್ರತಿ ಬಿಲ್ಲನ್ನೂ ರೌಂಡ್ ಮಾಡಿ ಆಮೇಲೆ ಕೂಡುತ್ತಿತ್ತು. ತಿಂಗಳ ಕೊನೆಗೆ ಒಂದೇ ವಾರ್ಡಿಗೆ ಎರಡು ಮೊತ್ತ. ನಾವು ಎರಡು ದಿನ ತಲೆ ಕೆಡಿಸಿಕೊಂಡೆವು. ಅವಳು ಅಳುವುದೊಂದು ಬಾಕಿ ಇತ್ತು. ತಪ್ಪು ಅವಳದಲ್ಲ. ಆ ಪಟ್ಟಿಯಲ್ಲಿ ಯಾರಿಗೆ ತಾನೇ ಕಾಣುತ್ತಿತ್ತು?

ಪಟ್ಟಿಯನ್ನು ಹಗುರ ಮಾಡುವುದು ಹೊಸ ವಿಚಾರವೇನಲ್ಲ. 2009ರ 8.4 ಆವೃತ್ತಿಗೆ ಮೊದಲು ಬರೀ ಡಿಎಫ್ ಹೊಡೆದರೆ ಪೋಸ್ಟ್‌ಗ್ರೆಸ್‌ನಲ್ಲೇ ಇರುವ ಸಿಸ್ಟಮ್ ಫಂಕ್ಷನ್‌ಗಳೆಲ್ಲ ಸುರಿಯುತ್ತಿದ್ದವು. ಆಗ ಅವನ್ನು ಮರೆಗೆ ಸರಿಸಿದರು, ಬೇಕಾದವರು ಡಿಎಫ್ ಜೊತೆ ಎಸ್ ಸೇರಿಸುತ್ತಾರೆ. 2023ರ 16ನೇ ಆವೃತ್ತಿಯಲ್ಲಿ, ಹೆಚ್ಚು ವಿವರ ಕೊಡುವ ಡಿಎಫ್ ಪ್ಲಸ್‌ನಿಂದ ಸೋರ್ಸ್ ಕೋಡ್ ಕೂಡ ತೆಗೆದರು, ಅದನ್ನು ನೋಡಲು ಎಸ್‌ಎಫ್ ಅನ್ನುವ ಕಮಾಂಡ್ ಇದೆ. ಎರಡು ಸಲವೂ ಜನ ಹೊಂದಿಕೊಂಡರು. ಯಾವ ಫಂಕ್ಷನ್ ಯಾವ ಎಕ್ಸ್‌ಟೆನ್ಶನ್‌ನದು ಅಂತ ಪಿಜಿ_ಡಿಪೆಂಡ್ ಟೇಬಲ್‌ನಲ್ಲಿ ಈಗಾಗಲೇ ದಾಖಲಾಗಿದೆ. ಅದನ್ನು ನೋಡಿ ಬಿಟ್ಟರಾಯಿತು. ಹೆಸರು ಕೊಟ್ಟು ಕೇಳಿದಾಗ ಮಾತ್ರ ತೋರಿಸಲಿ, ಸಿಸ್ಟಮ್ ಫಂಕ್ಷನ್‌ಗಳಿಗೆ ಈಗಲೂ ಹಾಗೇ ಅಲ್ವಾ? ಇದಕ್ಕೂ ಬೇಡ ಅನ್ನುವವರಿಗೆ ಅಭ್ಯಾಸ ಬದಲಾಗುವ ಭಯ, ಬೇರೇನೂ ಅಲ್ಲ.

ವಿರೋಧ: ಈಗಿರುವ ನಿಯಮವೇ ಸಾಕು

ವಿರೋಧವಾಗಿ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಪೋಸ್ಟ್‌ಜಿಐಎಸ್ ಇದ್ದರೆ ಪಟ್ಟಿ ಜಾಸ್ತಿ ಉದ್ದವಾಗುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ಈಗಿನ ನಿಯಮವನ್ನು ಒಂದೇ ಮಾತಿನಲ್ಲಿ ಹೇಳಿಕೊಡಬಹುದು: ಸಿಸ್ಟಮ್‌ನದು ಬಿಟ್ಟು, ಸರ್ಚ್ ಪಾತ್‌ನಲ್ಲಿ (ಪೋಸ್ಟ್‌ಗ್ರೆಸ್ ತಾನಾಗಿ ಹುಡುಕುವ ಸ್ಕೀಮಾಗಳಲ್ಲಿ) ಸಿಗುವುದೆಲ್ಲ ಪಟ್ಟಿಯಲ್ಲಿರುತ್ತದೆ. ಸ್ಕೀಮಾ ಹೆಸರು ಹೇಳದೆ ಕರೆಯಬಹುದಾದ ಫಂಕ್ಷನ್ ಕಣ್ಣಿಗೂ ಕಾಣುತ್ತದೆ. ಎಕ್ಸ್‌ಟೆನ್ಶನ್ ಬಿಟ್ಟು ಅಂತ ಸೇರಿಸಿದರೆ ಕರೆಯಲು ಬರುತ್ತದೆ, ಪಟ್ಟಿಯಲ್ಲಿ ಇರುವುದಿಲ್ಲ. ಕಲಿಯುವವರಿಗೆ ಇದು ಇನ್ನೊಂದು ಗೊಂದಲ.

ಪಿಜಿ_ಟಿಆರ್‌ಜಿಎಂ ಎಕ್ಸ್‌ಟೆನ್ಶನ್‌ನ ಸಿಮಿಲ್ಯಾರಿಟಿ ಫಂಕ್ಷನ್ ನನಗೆ ಸಿಕ್ಕಿದ್ದೇ ಈ ಪಟ್ಟಿಯಿಂದ. ಮಂಜುನಾಥ ಅನ್ನುವ ಹೆಸರನ್ನು ನಮ್ಮ ದಾಖಲೆಗಳಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಥರ ಬರೆದಿದ್ದರು. ಎರಡು ಹೆಸರು ಎಷ್ಟು ಹತ್ತಿರ ಅಂತ ಮೂರು ಮೂರು ಅಕ್ಷರ ಹೋಲಿಸಿ ಅಂಕ ಕೊಡುವ ಫಂಕ್ಷನ್ ಅಲ್ಲೇ ಇತ್ತು. ಹೆಸರೇ ಗೊತ್ತಿಲ್ಲದಿದ್ದಾಗ ಹೆಸರು ಕೊಟ್ಟು ಕೇಳುವುದು ಹೇಗೆ?

ತಮ್ಮದು ಮಾತ್ರ ಬೇಕು ಅನ್ನುವವರು ತಮ್ಮ ಫಂಕ್ಷನ್‌ಗಳನ್ನು ಬೇರೆ ಸ್ಕೀಮಾದಲ್ಲಿ ಇಡಲಿ. ಡಿಎಫ್ ಮುಂದೆ ಆ ಸ್ಕೀಮಾದ ಹೆಸರು, ಚುಕ್ಕೆ, ನಕ್ಷತ್ರ ಹೊಡೆದರೆ ಅವಷ್ಟೇ ಬರುತ್ತವೆ. ಪಬ್ಲಿಕ್‌ನಲ್ಲೇ ಎಲ್ಲವನ್ನೂ ತುಂಬಿಬಿಟ್ಟಿದ್ದರೂ ದಾರಿ ಇದೆ. ಪುಟ ಪುಟವಾಗಿ ತೋರಿಸುವ ಪೇಜರ್ ಪ್ರೋಗ್ರಾಂ ಲೆಸ್ ಆಗಿದ್ದರೆ ಪಟ್ಟಿ ತೆರೆದಿರುವಾಗಲೇ ಸ್ಲ್ಯಾಶ್ ಒತ್ತಿ, ವಾರ್ಡ್ ಅಂತ ಹುಡುಕಬಹುದು.