ಗಾಜನೂರಿಗೆ ಎಷ್ಟು ನಿಮಿಷ?

ಮೊನ್ನೆ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ನನ್ನ ಹಳೇ ಕಾರಿನ ಕ್ಲಚ್ ಬಿಚ್ಚಿಸಿಕೊಂಡು ಕೂತಿದ್ದೆ. ಪಕ್ಕದಲ್ಲಿ ಒಬ್ಬ ಹುಡುಗ ಡೀಸೆಲ್ ಸ್ವಿಫ್ಟ್ ತಂದಿದ್ದ. "ಪಿಕಪ್ ಹೆಂಗಿದೆ?" ಅಂದೆ. "ಸ್ಟೇಜ್ ಒನ್ ಮಾಡ್ಸಿದೀನಿ ಅಂಕಲ್, ಟಾರ್ಕ್ ನೋಡಿ" ಅಂತ ಮೊಬೈಲಿನಲ್ಲಿ ಗ್ರಾಫ್ ತೋರಿಸಿದ. ಸ್ಟೇಜ್ ಒನ್ ಅಂದರೆ ಇಂಜಿನ್ನಿನ ಕಂಪ್ಯೂಟರ್ ಫೈಲ್ ಬದಲಿಸಿ ಶಕ್ತಿ ಏರಿಸೋದು, ಟಾರ್ಕ್ ಅಂದರೆ ಎಳೆತ. ಬೆನ್ನು ಸೀಟಿಗೆ ಅಂಟುತ್ತಾ ಅಂತ ನಾನು ಕೇಳಿದ್ದು. ಅವನು ತೋರಿಸಿದ್ದು ಗೆರೆ.

ನಮ್ಮ ಕಾಲದ ಮಾತೆಲ್ಲ ಬರೀ ಕಬ್ಬಿಣ, ಇಂಜಿನ್ನನ್ನೇ ಕೊರೆದು ಉಜ್ಜಿ ಶಕ್ತಿ ಏರಿಸೋದು. ಬೋರ್ ಮಾಡ್ಸಿದೀಯಾ, ಹೆಡ್ ಇಳಿಸಿದೀಯಾ, ಪೋರ್ಟಿಂಗ್ ಯಾರ ಕೈದು? ಆರ್‌ಎಕ್ಸ್ 100 ಅಂದರೆ ಯಮಹಾ ಬೈಕು, 98 ಸಿಸಿ, 11 ಎಚ್‌ಪಿ, ಅಷ್ಟೇ. ಮೇಸ್ತ್ರಿ ಬೀಡಿ ಕಚ್ಚಿಕೊಂಡು ದುಂಡು ಅರದಿಂದ ಹೊಗೆ ಹೊರಹೋಗುವ ಎಕ್ಸಾಸ್ಟ್ ಪೋರ್ಟನ್ನು ಸ್ವಲ್ಪ ಉಜ್ಜುವುದು, ಬೆರಳು ಹಾಕಿ ಸವರಿ ನೋಡುವುದು, ಮತ್ತೆ ಉಜ್ಜುವುದು. ಒಂದು ಗೀರು ಜಾಸ್ತಿ ಆಯಿತೋ, ನೇರ ರಸ್ತೆಯಲ್ಲಿ ಹಾರುವ ಗಾಡಿ ಆಗುಂಬೆ ಘಾಟಿಯ ತಿರುವಿನಲ್ಲಿ ಉಸಿರೇ ಬಿಡುತ್ತಿರಲಿಲ್ಲ, ಕಡಿಮೆ ವೇಗದ ಪುಲ್ಲಿಂಗ್ ಪೂರ್ತಿ ಹೋಗಿರುತ್ತಿತ್ತು. ಈಗ ಲ್ಯಾಪ್‌ಟಾಪ್ ಚುಚ್ಚಿ, ಡೀಸೆಲ್ಲನ್ನೂ ಇಂಜಿನ್ನಿಗೆ ಗಾಳಿ ತುರುಕುವ ಟರ್ಬೊದ ಒತ್ತಡವನ್ನೂ ಏರಿಸಿ ಅರ್ಧ ಗಂಟೆಯಲ್ಲಿ ಕಳಿಸುತ್ತಾರೆ. ಬೇಡ ಅಂದರೆ ಹಳೇ ಫೈಲ್ ವಾಪಸ್. ಒಪ್ಪುತ್ತೇನೆ, ಇದೇ ವಾಸಿ. ಉಜ್ಜಿದ ಪೋರ್ಟಿಗೆ ವಾಪಸ್ ಅನ್ನೋದೇ ಇರಲಿಲ್ಲ.

ಆಮೇಲೆ ಮಾರುತಿ 800ಕ್ಕೆ ಎಸ್ಟೀಮ್ ಇಂಜಿನ್ ಕೂರಿಸುವ ಹುಚ್ಚು ಬಂತು. 796 ಸಿಸಿ ಜಾಗದಲ್ಲಿ 1298. ಹೊರಗಿಂದ ನೋಡಿದರೆ ಮೇಷ್ಟ್ರ ಕಾರು. ನಾವು "ಕಳ್ಳ ಗಾಡಿ" ಅನ್ನುತ್ತಿದ್ದೆವು. ಈ ಹುಡುಗರು ಅದಕ್ಕೆ ಸ್ಲೀಪರ್ ಅನ್ನುತ್ತಾರೆ, ಅಮೆರಿಕದ ಮಾತು. ನನಗೆ ಸ್ಲೀಪರ್ ಅಂದರೆ ಇವತ್ತಿಗೂ ಬೆಂಗಳೂರಿನ ರಾತ್ರಿ ಬಸ್ಸೇ. ರೇಸಿನ ಕ್ವಾರ್ಟರ್ ಮೈಲ್ ಅನ್ನೋ ಅಳತೆಯೂ ಅಲ್ಲಿಂದಲೇ ಬಂದಿದ್ದು, 402 ಮೀಟರ್. ನಮ್ಮ ಅಳತೆ ಒಂದೇ ಇತ್ತು: ಶಿವಮೊಗ್ಗದಿಂದ ತುಂಗಾ ಅಣೆಕಟ್ಟಿನ ಗಾಜನೂರಿಗೆ ಎಷ್ಟು ನಿಮಿಷ? ಎಲ್ಲರೂ ಸುಳ್ಳು ಹೇಳುತ್ತಿದ್ದೆವು. ಬಸ್ಸು, ಸೈಕಲ್ಲು, ದನ ಎಲ್ಲಾ ಓಡಾಡುವ ರಸ್ತೆ ಅದು, ನಾವು ಮಾಡಿದ್ದು ತಪ್ಪೇ. ನನ್ನ ಗೆಳೆಯನೊಬ್ಬ ಇವತ್ತಿಗೂ ಎಡಗಾಲು ಎಳೆದುಕೊಂಡೇ ನಡೆಯುತ್ತಾನೆ.

ನನಗೆ ತಲೆ ಕೆಡೋದು ಈ ಪಟಾಕಿ ಸೈಲೆನ್ಸರ್ ನೋಡಿದಾಗ. ರ್‍ಯಾಲಿಯ ಟರ್ಬೊ ಕಾರುಗಳಲ್ಲಿ ಆ ಸದ್ದಿಗೆ ಒಂದು ಕೆಲಸ ಇದೆ. ಆಕ್ಸಿಲರೇಟರ್ ಬಿಟ್ಟಾಗಲೂ ಎಕ್ಸಾಸ್ಟಿನಲ್ಲಿ ಪೆಟ್ರೋಲ್ ಉರಿಸಿ ಟರ್ಬೊ ತಿರುಗುತ್ತಲೇ ಇರೋ ಹಾಗೆ ನೋಡಿಕೊಳ್ಳುತ್ತಾರೆ, ತಿರುವು ದಾಟಿದ ಕೂಡಲೇ ಎಳೆತ ಬೇಕಲ್ಲ! 2016ರಲ್ಲಿ ಚಾಲಕ ಗೌರವ್ ಗಿಲ್ ಏಷ್ಯಾ ಪೆಸಿಫಿಕ್ ರ್‍ಯಾಲಿ ಚಾಂಪಿಯನ್ ಆದಾಗ ಒಂದು ಸುತ್ತು ನಡೆದಿದ್ದು ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಲ್ಲೇ. ನೆಹರು ರಸ್ತೆಯಲ್ಲಿ ಜ್ಯೂಸ್ ಅಂಗಡಿ ಮುಂದೆ ನಿಂತುಕೊಂಡು ಸುಮ್ನೆ ಢಂ ಅನ್ನಿಸೋನಿಗೆ ಯಾವ ತಿರುವು ಮಾರಾಯ್ರೇ? ನಮ್ಮ ಗಾಡಿಗಳೂ ಸದ್ದು ಮಾಡುತ್ತಿದ್ದವು, ಇಲ್ಲ ಅನ್ನಲ್ಲ. ಆದರೆ ಓಡಿದಾಗ ಮಾಡುತ್ತಿದ್ದವು.

ನನ್ನ ಕ್ಲಚ್ ಆಯಿತು. ಹೊರಡುವಾಗ ತಡೆಯಲಾಗದೆ ಸ್ವಿಫ್ಟ್ ಹುಡುಗನನ್ನು ಕೇಳಿಯೇ ಬಿಟ್ಟೆ, "ಗಾಜನೂರಿಗೆ ಎಷ್ಟು ನಿಮಿಷ?"

ಮೊಬೈಲ್ ತೆಗೆದು ಮ್ಯಾಪ್ ನೋಡಿ ಹೇಳಿದ, "ಟ್ರಾಫಿಕ್ ಇದೆ ಅಂಕಲ್, ಇಪ್ಪತ್ತೆಂಟು."